ಮೂರನೆಯ ಪತ್ರ ಮತ್ತು ಪಾಪಮ್ಮನ ಹೇಂಟೆ

ಹುಮಾಳ ಮೊಬೈಲಿನಲ್ಲಿ ಎರಡು ಹಸಿರು ಚುಕ್ಕೆಗಳಿದ್ದವು, ಒಂದು ಹಳದಿ. ಹಸಿರೆಂದರೆ ಶಿಫಾರಸು ಪತ್ರ ಬಂದಿದೆ, ಹಳದಿಯೆಂದರೆ ಬಂದಿಲ್ಲ. ಮಣ್ಣಿನ ವಿಜ್ಞಾನ ಓದಲು ನೆದರ್‌ಲ್ಯಾಂಡ್ಸಿಗೆ ಹಾಕಿದ್ದ ಅರ್ಜಿಗೆ ಇವತ್ತು ಸಂಜೆ ಐದಕ್ಕೆ ಗಡುವು. ಮೂರನೆಯ ಪತ್ರ ಕೊಡಬೇಕಾದ ಚಂದ್ರಶೇಖರ ಮೇಷ್ಟ್ರು ಅವಳ ಕಾಲೇಜಿನಿಂದ ನಿವೃತ್ತರಾಗಿ ಸಂಸೆಯ ತಮ್ಮ ಕಾಫಿ ತೋಟದಲ್ಲಿದ್ದರು. ಜನ್ಮದಲ್ಲಿ ಸುಳ್ಳು ಹೇಳದವರೆಂದು ಅವರಿಗೆ ಹೆಸರು. ಅದಕ್ಕೇ ಹುಮಾ ಅವರನ್ನು ಕೇಳಿದ್ದು. ಮೂರು ವಾರದ ಹಿಂದೆ "ಆಗಲಿ" ಎಂದು ಬರೆದವರು ಆಮೇಲೆ ತುಟಿ ಬಿಚ್ಚಿರಲಿಲ್ಲ. ಹೋದ ವರ್ಷದಂತೆ ಈ ಸಲವೂ ತಪ್ಪಿದರೆ ಮದುವೆಯ ಮಾತಿಗೆ ಎದುರಾಡುವುದಿಲ್ಲವೆಂದು ಹುಮಾ ಮನೆಯಲ್ಲಿ ಮಾತು ಕೊಟ್ಟಾಗಿತ್ತು.

"ದೊಡ್ಡೋರಿಗೆ ಫೋನ್ ಮಾಡಿ ಮಾಡಿ ಕಾಟ ಕೊಡಬಾರ್ದು. ಎದುರಿಗೆ ಹೋಗಿ ನಿಂತ್ಕೋ," ಎಂದರು ಅವಳ ಅಪ್ಪ, ಗ್ಯಾರೇಜಿನ ಜಿಯಾಉದ್ದೀನ್. ಅದು ಪಕ್ಕದ ಮನೆಯ ಪಾಪಮ್ಮನ ಕಿವಿಗೆ ಬಿತ್ತು. ಗೋಣಿಬೀಡಿನಲ್ಲಿ ಆಕೆಯ ಕಿವಿಗೆ ಬೀಳದ ಸುದ್ದಿಯೇ ಇಲ್ಲ.

"ಬರಿಗೈಲಿ ಹೋಗ್ತಾರೇನೆ ಮಾರಾಯ್ತಿ?" ಎಂದು ಆಕೆ ಕಾಲು ಕಟ್ಟಿದ ನಾಟಿ ಹೇಂಟೆಯೊಂದನ್ನು ಚೀಲಕ್ಕೆ ತುರುಕಿಯೇಬಿಟ್ಟಳು. ಬೇಡವೆನ್ನುವಷ್ಟರಲ್ಲಿ ಬಸ್ಸು ಬಂತು.

ಕೊಟ್ಟಿಗೆಹಾರ ದಾಟುವವರೆಗೆ ಹೇಂಟೆ ಸುಮ್ಮನಿತ್ತು. ಆಮೇಲೆ ತಿರುವಿಗೊಮ್ಮೆ ಕೂಗಿತು; ಕೋಳಿ ಯಾರಿಗೆಂದು ಕೇಳಿದವರಿಗೆ ಹೇಳಿ ಹೇಳಿ ಹುಮಾಳ ವಿಷಯ ಬಸ್ಸಿಗೆಲ್ಲ ತಿಳಿಯಿತು. "ಫಾರಿನ್ ಸರ್ಟಿಫಿಕೇಟಿಗೆ ಒಂದೇ ಕೋಳಿ ಸಾಕಾಗ್ತದಾ?" ಎಂದು ಕಂಡಕ್ಟರ್ ಗಂಭೀರವಾಗಿ ವಿಚಾರಿಸಿದ. ಕಳಸದಲ್ಲಿಳಿದು ಜೀಪು ಹತ್ತಿ, ಹನ್ನೊಂದಕ್ಕೆ ಅವಳು ತೋಟ ಮುಟ್ಟಿದಳು.

ಮೇಷ್ಟ್ರು ಕಾಫಿ ಒಣಹಾಕಿದ ಕಣದಲ್ಲಿದ್ದರು. "ಸಾರ್, ನಾನು ಹುಮಾ..." ಎನ್ನುವಷ್ಟರಲ್ಲಿ ಹನಿ ಬಿತ್ತು. ಡಿಸೆಂಬರಿನ ಹನಿ ಒಣಗುವ ಕಾಫಿಗೆ ವಿಷ. ಅಂಥ ಹೊತ್ತಿನಲ್ಲಿ ಕಣಕ್ಕೆ ಬಂದವರು ಬೀಗರೇ ಆದರೂ ಮೊದಲು ಕಾಫಿ ಎಳೆಯುವ ಗೋರುಮಣೆ ಹಿಡಿಯಬೇಕು, ಮಾತೇನಿದ್ದರೂ ಆಮೇಲೆ. ತೋಟದ ಲೆಕ್ಕ ಬರೆಯುವ ರೈಟರ್ ಚಿಕ್ಕಯ್ಯ ಅವಳ ಕೈಗೊಂದು ಗೋರುಮಣೆ ಕೊಟ್ಟ.

ಹುಮಾ ಕಾಫಿ ಎಳೆದು ರಾಶಿ ಹಾಕಿದಳು, ಟಾರ್ಪಾಲು ಹೊದೆಸಿದಳು. ಬಿಸಿಲು ಬಂತು, ಮತ್ತೆ ಹರಡಿದಳು. ಮತ್ತೆ ಮೋಡ, ಮತ್ತೆ ರಾಶಿ. ಈ ನಡುವೆ ಹಗ್ಗ ಬಿಚ್ಚಿಕೊಂಡ ಹೇಂಟೆ ಕಣದ ತುಂಬ ಕೆದಕುತ್ತ ಓಡಿತು.

"ಯಾರದ್ದು ಕೋಳಿ?" ಎಂದು ಮೇಷ್ಟ್ರು ಕೂಗಿದರು.

"ನಿಮಗೇ ಸಾರ್... ಪತ್ರಕ್ಕೆ..."

"ಸಾರ್ ಮೊಟ್ಟೆನೂ ಮುಟ್ಟೋರಲ್ಲ ಮಾರಾಯ್ತಿ," ಎಂದ ಚಿಕ್ಕಯ್ಯ.

ನಾಲ್ಕು ಗಂಟೆಯ ಹೊತ್ತಿಗೆ ಅವಳ ಅಂಗೈಯಲ್ಲಿ ಬೊಬ್ಬೆ, ಕಣ್ಣಲ್ಲಿ ನೀರು. "ಐದಕ್ಕೆ ಮುಗೀತದೆ ಸಾರ್. ನಂಗೆ ಇದೊಂದೇ ದಾರಿ," ಎಂದಳು.

ಮೇಷ್ಟ್ರು ಕೈ ತೊಳೆದು ಆಫೀಸಿನ ಕಂಪ್ಯೂಟರಿನ ಮುಂದೆ ಕೂತರು. ಯೋಚಿಸಿ ಯೋಚಿಸಿ ಟೈಪು ಮಾಡಿದರು. ಐದಕ್ಕೆ ಎರಡೇ ನಿಮಿಷವಿರುವಾಗ ಹಳದಿ ಚುಕ್ಕೆ ಹಸಿರಾಯಿತು. ಎರಡು ವರ್ಷದ ಭಾರ ಇಳಿದಂತಾಗಿ ಹುಮಾ ಅತ್ತೇಬಿಟ್ಟಳು.

"ಅಳಬೇಡಮ್ಮ, ನಾನೇ ನಿಂಗೆ ಋಣಿ," ಎಂದರು ಮೇಷ್ಟ್ರು. "ಮೂರು ವಾರದಿಂದ ನಂಗೆ ನಿದ್ದೆ ಇಲ್ಲ. ನಿಮ್ಮದು ಕರೋನಾ ಬ್ಯಾಚು. ನೂರಿಪ್ಪತ್ತು ಜನ, ಎಲ್ಲರ ಮುಖಕ್ಕೂ ಮಾಸ್ಕು. ಎಷ್ಟು ತಲೆ ಕೆರ್ಕೊಂಡ್ರೂ ನೀನ್ಯಾರೂಂತ ನೆನಪಾಗ್ಲಿಲ್ಲ. ಸುಳ್ಳು ಬರೆಯೋಕೆ ಕೈ ಬರಲ್ಲ, ಆಗಲ್ಲ ಅನ್ನೋಕೆ ಮನಸ್ಸು ಬರಲ್ಲ. ಇವತ್ತು ನೀನೇ ಬಂದೆ ನೋಡು! ಕಂಡದ್ದನ್ನ ಕಂಡ ಹಾಗೇ ಬರೆದಿದೀನಿ."

ಅವರು ಅಭಿಮಾನದಿಂದ, ವಿಶ್ವವಿದ್ಯಾಲಯದ ಪ್ರಶ್ನೆಗಳೂ ತಮ್ಮ ಉತ್ತರಗಳೂ ಇದ್ದ ಪರದೆಯನ್ನು ಅವಳತ್ತ ತಿರುಗಿಸಿದರು.

ಅಭ್ಯರ್ಥಿಯನ್ನು ಎಷ್ಟು ಕಾಲದಿಂದ ಬಲ್ಲಿರಿ? ಇಂದು ಬೆಳಿಗ್ಗೆ ಹನ್ನೊಂದು ಗಂಟೆಯಿಂದ.

ಯಾವ ನೆಲೆಯಲ್ಲಿ? ಕಣದ ಕೆಲಸದವಳಾಗಿ. ಅತ್ಯುತ್ತಮ.

ಪ್ರಾಮಾಣಿಕತೆ? ಈ ಪತ್ರಕ್ಕಾಗಿ ಒಂದು ಕೋಳಿ ತಂದಿದ್ದಳು. ಹಿಂದಿರುಗಿಸಲಾಗಿದೆ.

ಗೋಡೆಯ ಗಡಿಯಾರ ಐದು ಹೊಡೆಯಿತು. ಚಿಕ್ಕಯ್ಯ ಹೇಂಟೆಯ ಕಾಲನ್ನು ಮತ್ತೆ ಬಿಗಿದು ತಂದು ಅವಳ ಮಡಿಲಿನಲ್ಲಿಟ್ಟ.

"ನಾಳೇನೂ ಮೋಡ ಅಂತೆ ಮಾರಾಯ್ತಿ," ಎಂದ. "ಬರ್ತೀಯಾ?"