ಕಾಲುಸೇತುವೆಯ ಕುರಿತು ತುರ್ತಲ್ಲದ ಮಾಹಿತಿ

ಅಮೆರಿಕದ ಅಯೋವಾ ರಾಜ್ಯದ ಹಾರ್ಲನ್ ಫೋರ್ಕ್ ವಿಶ್ವವಿದ್ಯಾಲಯದ ಆವರಣದಲ್ಲಿ ಆ ವರ್ಷ ಯಾವುದೇ ತುರ್ತು ಪರಿಸ್ಥಿತಿ ಉದ್ಭವಿಸಲಿಲ್ಲ. ಉದ್ಭವಿಸಲು ಅನುಮತಿಯೂ ಇರಲಿಲ್ಲ. ತುರ್ತು ಸಂದೇಶವೆಂದರೆ ಎಲ್ಲರ ಫೋನೂ ಒಟ್ಟಿಗೆ ಕಿರುಚಬೇಕು. ಆಮೇಲೆ ಅದು ವಾರ್ಷಿಕ ಸುರಕ್ಷತಾ ವರದಿಯಲ್ಲಿ ಅಚ್ಚಾಗಬೇಕು. ಅದನ್ನೋದಿದ ತಂದೆತಾಯಿಗಳು ಮಗಳನ್ನೂ ಶುಲ್ಕವನ್ನೂ ಪಕ್ಕದೂರಿನ ಕಾಲೇಜಿಗೆ ಒಯ್ಯಬೇಕು. ಆದ್ದರಿಂದ ಆವರಣದ ಪೊಲೀಸರು ಹೇಳಬೇಕಾದುದನ್ನೆಲ್ಲ 'ತುರ್ತಲ್ಲದ ಮಾಹಿತಿ' ಎಂಬ ಇಮೇಲಿನಲ್ಲೇ ಹೇಳುತ್ತಿದ್ದರು. ಅದನ್ನು ಬರೆಯುವ ಹೊಣೆ ಸಾರ್ಜೆಂಟ್ ವೆಂಡೆಲ್ ಹ್ರುಸ್ಕಾನದು. ಕಳೆದುಹೋದ ಕೈಗವಸು, ಗ್ರಂಥಾಲಯದ ಬಾಗಿಲಲ್ಲಿ ಮೊಟ್ಟೆಯಿಟ್ಟ ಹೆಬ್ಬಾತು, ಸೈಕಲ್ಲಿಗೆ ಬೀಗ ಹಾಕಿರೆಂಬ ಹಿತವಚನ ಎಲ್ಲವೂ ಅವನ ಕೈಯಲ್ಲಿ ಸಲೀಸಾಗಿ ಸಾಗಿದ್ದವು.

ಮಾರ್ಚಿನಲ್ಲಿ ಹಿಮ ಕರಗಿ ಹಳ್ಳ ತುಂಬಿತು. ಕಾಲುಸೇತುವೆಯ ನಡುಗಂಬ ಬಿರುಕು ಬಿಟ್ಟಿದ್ದು ವೆಂಡೆಲ್‌ನ ಕಣ್ಣಿಗೆ ಬಿತ್ತು. ಬಿರುಕಿನೊಳಗೆ ಅವನ ಅಂಗೈ ಹಿಡಿಸುತ್ತಿತ್ತು. ಆಚೆ ದಡದ ಊಟದ ಮನೆಯಲ್ಲಿ ಅಡುಗೆ ಮಾಡುವ ಅವನ ಹೆಂಡತಿ ಐರೀನ್ ದಿನವೂ ಅದರ ಮೇಲೆಯೇ ಓಡಾಡುವವಳು. ಅವನು ಅಲ್ಲೇ ನಿಂತು ಬರೆದ: "ಕಾಲುಸೇತುವೆ ಬೀಳುವ ಹಾಗಿದೆ. ಯಾರೂ ದಾಟಬೇಡಿ."

ಊರಿಗೆಲ್ಲ ಕಳಿಸುವ ಮೊದಲೇ, ಪ್ರತಿ ಪ್ರಕಟಣೆಯ ಕರಡನ್ನೂ ಓದುವ ಪ್ರಚಾರ ವಿಭಾಗದ ಉಪಾಧ್ಯಕ್ಷೆ ಫಿಲಿಸ್ ಓಗ್ಡೆನ್ ಅವನನ್ನು ಕರೆಸಿದರು.

"ಇದೇನ್ರೀ ವೆಂಡೆಲ್? 'ಬೀಳುವ ಹಾಗಿದೆ' ಅಂದ್ರೆ ಜನ ಗಾಬರಿ ಬೀಳ್ತಾರಲ್ಲ."

"ಸೇತುವೆ ಸಮೇತ ಬೀಳೋದಕ್ಕಿಂತ ಗಾಬರಿ ಬೀಳೋದು ವಾಸಿ ಮೇಡಂ."

"ಈಗ ಬಿದ್ದಿದೆಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ತುರ್ತಲ್ಲ. ಬಿದ್ದ ಮೇಲೆ?"

"ಬಿದ್ದ ಮೇಲೆ ಇನ್ನೇನು, ಬಿದ್ದಾಯ್ತು."

"ಆಗ್ಲೂ ತುರ್ತಲ್ಲ. ನೋಡಿದ್ರಾ, ಎಷ್ಟು ಸುಲಭ!"

ಭಾಷಾ ಸೌಮ್ಯೀಕರಣ ಸಮಿತಿ ಸಭೆ ಸೇರಿ, ಹಣ್ಣಿನ ಬನ್ನು ತಿಂದು, ಪ್ರಕಟಣೆಯನ್ನು ತಿದ್ದಿತು: "ನಮ್ಮ ಕಾಲುಸೇತುವೆಯು ತನ್ನ ನಿಲುವನ್ನು ಮರುಪರಿಶೀಲಿಸುತ್ತಿದೆ. ಇಚ್ಛೆಯುಳ್ಳವರು ಇತರ ದಾರಿಗಳ ಸೊಬಗನ್ನೂ ಸವಿಯಬಹುದು. ಇದು ತುರ್ತಲ್ಲ." ಕೆಳಗೆ ವೆಂಡೆಲ್‌ನ ಹೆಸರಿತ್ತು.

ಸಂಜೆ ಅವನು ಐರೀನ್‌ಗೆ, ನಾಳೆಯಿಂದ ಸುತ್ತಿಕೊಂಡು ಹೋಗು ಎಂದ.

"ಯಾಕೆ? ಏನೂ ತೊಂದರೆಯಿಲ್ಲ ಅಂತ ಪೊಲೀಸರೇ ಬರ್ದಿದ್ದಾರಲ್ಲ."

"ಆ ಪೊಲೀಸು ನಾನೇ ಕಣೇ!"

"ಆಫೀಸಲ್ಲಿ ಕೂತು ಯೋಚ್ನೆ ಮಾಡಿ ಬರ್ದಿರ್ತೀಯ. ಮನೇಲಿ ಬಾಯಿಗೆ ಬಂದದ್ದು ಹೇಳ್ತೀಯ. ನಾನು ಯಾವುದನ್ನ ನಂಬ್ಲಿ?"

ಮರುದಿನ ಬೆಳಿಗ್ಗೆ ವೆಂಡೆಲ್ ಸೇತುವೆಯ ಬಾಯಿಗೆ ಹಳದಿ ಪಟ್ಟಿ ಬಿಗಿದ. ಆವರಣದ ಪೊಲೀಸ್ ಮುಖ್ಯಾಧಿಕಾರಿ ಡುವೇನ್ ಬೆಕರ್ ಏದುಸಿರು ಬಿಡುತ್ತ ಬಂದರು.

"ಏನಯ್ಯಾ ಇದು, ಹಳದಿ ಪಟ್ಟಿ ತುರ್ತು ಖಾತೆದು! ಬಿಚ್ಚು."

"ಹಾಗಾದ್ರೆ ನಾನೇ ಇಲ್ಲಿ ನಿಲ್ತೀನಿ ಸಾರ್."

"ಸಮವಸ್ತ್ರ ಹಾಕ್ಕೊಂಡು ನಿಂತ್ರೆ ಅದೂ ತುರ್ತೇ. ಬಾತುಕೋಳಿಗೆ ಬ್ರೆಡ್ ಹಾಕೋನ ಥರ ನಿಂತ್ಕೋ."

ವೆಂಡೆಲ್ ಹಳೇ ಕೋಟು ತೊಟ್ಟು, ಕೈಯಲ್ಲಿ ಬ್ರೆಡ್ ಹಿಡಿದು ನಿಂತ. ಐರೀನಳ ತೋಳು ಹಿಡಿದು ಬೇರೆ ದಾರಿಗೆ ಅಟ್ಟಿದ. ಉಳಿದವರಿಗೆ ಕೈಮುಗಿಯುವುದೊಂದು ಬಾಕಿ. "ಸೇತುವೆ ನಿಮ್ಮಪ್ಪಂದೇನೋ?" ಎಂದು ಹುಡುಗರು ನಕ್ಕು ದಾಟಿದರು. ಒಬ್ಬ ಪೊಲೀಸರಿಗೆ ದೂರನ್ನೂ ಕೊಟ್ಟ. ದೂರು ಬಂದರೆ ಮಾಹಿತಿ ಹೊರಡಿಸಬೇಕೆಂಬುದು ನಿಯಮ, ಬರೆಯಬೇಕಾದವನು ವೆಂಡೆಲ್ಲೇ. ಬರೆದ: "ಸೇತುವೆಯ ಬಳಿ ಬ್ರೆಡ್ ಹಿಡಿದ ವ್ಯಕ್ತಿಯೊಬ್ಬ ವದಂತಿ ಹಬ್ಬಿಸುತ್ತಿದ್ದಾನೆ. ದಯವಿಟ್ಟು ಅವನನ್ನು ನಿರ್ಲಕ್ಷಿಸಿ. ಇದು ತುರ್ತಲ್ಲ."

ವದಂತಿಗೆ ಕೊನೆ ಹಾಡಲು ಫಿಲಿಸ್ ಓಗ್ಡೆನ್ ಛಾಯಾಗ್ರಾಹಕನೊಂದಿಗೆ ತಾವೇ ಬಂದರು.

"ಮೇಡಂ, ದಮ್ಮಯ್ಯ ಅಂತೀನಿ, ಕಾಲಿಡಬೇಡಿ."

"ನಿಮ್ಮ ಮಾತು ಕೇಳ್ಬಾರ್ದು ಅಂತ ನೀವೇ ಬರ್ದಿದ್ದೀರಲ್ಲ ವೆಂಡೆಲ್," ಎಂದು ನಗುತ್ತ ಅವರು ನಡುಸೇತುವೆಗೆ ಹೋಗಿ ಕೈ ಬೀಸಿದರು. ಸೇತುವೆ ಮರುಪರಿಶೀಲನೆ ಮುಗಿಸಿತು.

ವೆಂಡೆಲ್ ಹಿಂದೆಮುಂದೆ ನೋಡದೆ ಹಾರಿದ. ಮಂಜಿನಂಥ ನೀರಿನಲ್ಲಿ ಅವರ ಕೊರಳಪಟ್ಟಿ ಹಿಡಿದು, ಮುರಿದ ಕಂಬವನ್ನು ತಬ್ಬಿಕೊಂಡ. "ಯಾರಾದ್ರೂ ಬನ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದ. ದಡದಲ್ಲಿದ್ದವರು ಫೋನು ತೆಗೆದು ನೋಡಿದರು. ಪ್ರಕಟಣೆ ಬಂದಿರಲಿಲ್ಲ. ಬರಲಿ ಎಂದು ಕಾದರು.

"ತುರ್ತು ಅಂತ ಹೇಳಿ ಮೇಡಂ! ನೀವು ಹೇಳಿದ್ರೆ ಬರ್ತಾರೆ!"

ಫಿಲಿಸ್ ಹಲ್ಲು ಕಟಕಟಿಸುತ್ತ ಯೋಚಿಸಿದರು. "'ಮುಳುಗ್ತಿದ್ದಾರೆ' ಅನ್ಬೇಡಿ... 'ನೀರಿನ ಜೊತೆ ಸಂವಾದದಲ್ಲಿದ್ದಾರೆ' ಅನ್ನಿ."

ಕೊನೆಗೆ ಊಟದ ಮನೆಯಿಂದ ನೆಲ ಒರೆಸುವ ಉದ್ದನೆಯ ಕೋಲು ಹಿಡಿದು ಓಡಿಬಂದವಳು ಐರೀನ್. ಇಬ್ಬರನ್ನೂ ಎಳೆದು ದಡಕ್ಕೆ ಹಾಕಿ, ಗಂಡನ ತಲೆಯನ್ನು ತನ್ನ ಮುಸುರೆ ಏಪ್ರನ್ನಿನಿಂದ ಗಸಗಸ ಒರೆಸಿದಳು. ಬೈಯಲು ಬಾಯಿ ತೆರೆದವಳು ಅತ್ತುಬಿಟ್ಟಳು.

ವಾರ್ಷಿಕ ವರದಿಯಲ್ಲಿ "ಸೇತುವೆ ಹಳ್ಳಕ್ಕೆ ಹತ್ತಿರವಾಯಿತು" ಎಂದು ದಾಖಲಾಯಿತು. ಹೊಸ ಸೇತುವೆಗೆ ಇಟ್ಟ ಹಣ 'ಬರಿಗಾಲಲ್ಲಿ ದಾಟೋಣ' ಅಭಿಯಾನದ ಬಣ್ಣದ ಭಿತ್ತಿಪತ್ರಗಳಿಗೆ ಸಂದಿತು. ವೆಂಡೆಲ್‌ಗೆ ಬಡ್ತಿ ಸಿಕ್ಕಿತು. ಈಗ ಅವನು ಪೂರ್ಣ ಸಮವಸ್ತ್ರದಲ್ಲಿ ದಡದ ಮೇಲೆ ನಿಂತು, ದಾಟಿ ಬಂದವರಿಗೆ ಟವೆಲು ಕೊಡುತ್ತಾನೆ.

ಮೇ ತಿಂಗಳಲ್ಲಿ ಮಗಳಿಗೆ ಕಾಲೇಜು ತೋರಿಸಲು ಬಂದ ತಂದೆಯೊಬ್ಬ ಹಳ್ಳದ ಮುಂದೆ ತಡೆದು ನಿಂತ. ಭಿತ್ತಿಪತ್ರ ಓದಿದ. ಷೂಸು ಬಿಚ್ಚುತ್ತ ವೆಂಡೆಲ್‌ನನ್ನು ಕೇಳಿದ:

"ಇದಕ್ಕೆ ಬೇರೆ ಶುಲ್ಕ ಏನಾದ್ರೂ ಇದೆಯಾ ಸಾರ್?"

"ಈ ವರ್ಷ ಇಲ್ಲ."

"ಹಾಗಾದ್ರೆ ಈ ವರ್ಷವೇ ಸೇರಿಸ್ಬಿಡೋಣ," ಎಂದು ಅವನು ಮಗಳ ಕೈ ಹಿಡಿದು ನೀರಿಗಿಳಿದ.