ಭಾವನ ಕೋಟೆ ಕಾಳಗ

ನಮ್ಮ ಭಾವ ಅಮೆರಿಕದ ಅಂತರ್ಯುದ್ಧದಲ್ಲಿ ಹನ್ನೊಂದು ಸಲ ಹೋರಾಡಿದ್ದಾರೆ, ಒಂದು ಸಲವೂ ಸತ್ತಿಲ್ಲ! ನಗಬೇಡಿ. ಫೋಟೋ ಇದೆ. ನೀಲಿ ಉಣ್ಣೆ ಕೋಟು, ಕೈಯಲ್ಲಿ ಕೋವಿ, ಹಣೆಯಲ್ಲಿ ವಿಭೂತಿ.

ಅದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದಲ್ಲಿ ಹಲ್ಲುಕಡ್ಡಿಗೂ ಒಂದು ವೆಬ್‌ಸೈಟು ಹುಟ್ಟುತ್ತಿದ್ದ ಕಾಲ. ನಮ್ಮವರು ನಾಲ್ಕು ಜನ ಸೇರಿದರೆ ಸ್ಟಾಕು, ವೀಸಾ, ಇವೇ ಮಾತು. ಭಾವನಿಗೆ ಮಾತ್ರ ತೋಪು, ಕಂದಕ. ವಾರವಿಡೀ ಸ್ಯಾನ್ ಮಟಿಯೋದ ಆಫೀಸಿನಲ್ಲಿ ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು, ಭಾನುವಾರ ಬಂದರೆ ಹಳೆಯ ಕದನಗಳನ್ನು ಆಡಿ ತೋರಿಸುವ ತಂಡದ ಜೊತೆ ಯುದ್ಧಕ್ಕೆ ಹೊರಡುವುದು. ಹಾಸನದವರಿಗೂ ಈ ಅಮೆರಿಕದವರ ಮನೆಜಗಳಕ್ಕೂ ಏನು ಸಂಬಂಧ ಎಂದು ಕೇಳಿದರೆ, "ಪಕ್ಕದ ಮನೆ ಜಗಳ ನೀನು ಕಿಟಕೀಲಿ ನಿಂತು ನೋಡಲ್ವಾ?" ಎನ್ನುತ್ತಿದ್ದರು. ನೋಡುತ್ತೇನೆ, ಸರಿ. ಆದರೆ ಕೋವಿ ಹಿಡಿದು ಒಳಗೆ ನುಗ್ಗುತ್ತೇನೆಯೇ?

ಅವರು ಸಾಯದಿರಲು ಕಾರಣ ನಮ್ಮ ಅಕ್ಕ. ಆ ತಂಡದಲ್ಲಿ ಯಾರು ಸಾಯಬೇಕೆಂದು ಬೆಳಗ್ಗೆಯೇ ಚೀಟಿ ಎತ್ತುತ್ತಾರೆ. ಅಡ್ಡಗೆರೆ ಎಳೆದ ಚೀಟಿ ಬಂದವರು ಗುಂಡಿನ ಸದ್ದಾದಾಗ ಬೀಳಬೇಕು. "ಹಣೆಗೆ ಕುಂಕುಮ ಇಟ್ಕೊಂಡು, ಗಂಡ ಸತ್ತು ಬಿದ್ದಿರೋದು ನೋಡಿ ಚಪ್ಪಾಳೆ ತಟ್ಲಾ ನಾನು?" ಎಂದು ಅಕ್ಕ ತಾಳಿಯ ಮೇಲೆ ಆಣೆ ಹಾಕಿಸಿಕೊಂಡಿದ್ದಳು. ಸಾವಿನ ಚೀಟಿ ಬಂದಾಗಲೆಲ್ಲ ಭಾವ ಅದನ್ನು ಪಕ್ಕದವನಿಗೆ ದಾಟಿಸಿ, ಬದಲಿಗೆ ಒಂದು ಡಬ್ಬಿ ಚಕ್ಕುಲಿ ಕೊಡುತ್ತಿದ್ದರು. ಚಕ್ಕುಲಿಗಾಗಿ ಪ್ರಾಣ ಬಿಡುವ ಅಮೆರಿಕನ್ನರಿಗೆ ಕೊರತೆಯೇ ಇರಲಿಲ್ಲ!

ಒಮ್ಮೆ ಅಕ್ಕ ನಿಪ್ಪಟ್ಟು ಕಳಿಸಿದಳು. ತಂಡದ ಕ್ಯಾಪ್ಟನ್, ಬಿಳಿ ಮೀಸೆಯ ನಿವೃತ್ತ ಪೋಸ್ಟ್‌ಮನ್, ಒಂದು ಕಚ್ಚಿ ದವಡೆ ಹಿಡಿದುಕೊಂಡು, ಅಂದಿನ ಸೈನಿಕರ ಒಣ ಬಿಸ್ಕತ್ತು ಇಷ್ಟು ಅಸಲಿಯಾಗಿ ಯಾರೂ ಮಾಡಿರಲಿಲ್ಲ ಎಂದು ಹೊಗಳಿದನಂತೆ. ಭಾವ ಅದನ್ನು ಮನೆಗೆ ಬಂದು ಹೇಳಿಬಿಟ್ಟರು. ಎರಡು ದಿನ ಅಕ್ಕನ ಅಡುಗೆಮನೆ ಬಂದ್.

ಇದೆಲ್ಲ ಹೋಗಲಿ. ನಿಜವಾದ ರಾಮಾಯಣ ನೀರಿನದು. ಕದನದ ನಡುವೆ ಭಾವ ಕೋವಿ ಬದಿಗಿಟ್ಟು, ಸೊಂಟದ ನೀರಿನ ಡಬ್ಬಿ ತೆಗೆದು, ಬಿದ್ದವರ ಬಾಯಿಗೆ ಒಬ್ಬೊಬ್ಬರಿಗೂ ನೀರು ಬಿಡುತ್ತಾ ಹೋಗುತ್ತಿದ್ದರು. ಅದರೊಳಗೆ ತುಳಸಿ ಬೇರೆ! ಪಾಲೋ ಆಲ್ಟೋದ ಇಂಜಿನಿಯರೊಬ್ಬ ಸೊಗಸಾಗಿ ಸತ್ತು ಮಲಗಿದ್ದವನು ನೀರು ನೆತ್ತಿಗೇರಿ ಕೆಮ್ಮುತ್ತಾ ಎದ್ದು ಕೂತ. ನೋಡಲು ಬಂದಿದ್ದ ಜನ ಹೊಟ್ಟೆ ಹಿಡಿದು ನಕ್ಕರು. ಕ್ಯಾಪ್ಟನ್ ನಗಲಿಲ್ಲ. ಇನ್ನೊಂದು ಸಲ ಹೀಗಾದರೆ ಕೋಟು ಬಿಚ್ಚಿಕೊಟ್ಟು ಮನೆಗೆ ಹೋಗಬೇಕು ಎಂದ. ಇನ್ನು ಹಾಗೆ ಮಾಡುವುದಿಲ್ಲ ಎಂದು ಭಾವ ಮಾತು ಕೊಟ್ಟರು.

ಮುಂದಿನದು ಕೋಟೆ ಕಾಳಗ. ಎಲ್ಲೋ ಪೂರ್ವದ ಕಡಲಂಚಿನ ಪುಟ್ಟ ಕೋಟೆಗಾಗಿ ಒಂದು ಮಧ್ಯಾಹ್ನ ಕಾದಾಡಿದ್ದರಂತೆ. ಚರಿತ್ರೆಯ ಪುಸ್ತಕದಲ್ಲಿ ಎರಡು ಸಾಲೂ ಸಿಗದ ಕದನ. ಅದಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೋದ ಆಚೆಯ ಬೀಚಿನಲ್ಲಿ ಮರಳುಮೂಟೆ, ಪ್ಲೈವುಡ್ಡುಗಳ ಕೋಟೆ ಎದ್ದಿತ್ತು. ಕಾರು ಓಡಿಸುತ್ತಿದ್ದವಳು ನಾನು. ಅಕ್ಕ ಪಕ್ಕದಲ್ಲಿ, ಹಿಂದೆ ಭಾವ ಮತ್ತು ಅವರ ಹತ್ತು ವರ್ಷದ ಮಗಳು. ಫ್ರೀವೇ ಹತ್ತುತ್ತಲೇ ನಾನು ಶುರು ಮಾಡಿದೆ.

"ಭಾವ, ಇವತ್ತಾದ್ರೂ ಸುಮ್ನಿರಿ. ನಾಟಕದ ಹೆಣಕ್ಕೆ ಯಾಕ್ರೀ ನೀರು?"

ಭಾವ ನೀರಿನ ಡಬ್ಬಿಯ ಮುಚ್ಚಳ ತಿರುವುತ್ತಾ ಹೇಳಿದರು. "ನಮ್ಮಪ್ಪ ಮಿಲಿಟರೀಲಿದ್ರು. ಗಡೀಲಿ ತೀರ್ಕೊಂಡಾಗ ನಂಗೆ ನಾಲ್ಕು ವರ್ಷ. ತಂತಿ ಬಂತು, ಅವ್ರು ಬರ್ಲಿಲ್ಲ. ನಮ್ಮಮ್ಮ ಸಾಯೋವರ್ಗೂ ಕೇಳ್ತಿದ್ದಿದ್ದು ಒಂದೇ. ಬಾಯಿಗೆ ಒಂದ್ ತೊಟ್ಟು ನೀರು ಬಿಡೋರು ಯಾರಾದ್ರೂ ಇದ್ರೇನೋ ಅಂತ."

ನನ್ನ ನಾಲಿಗೆಗೆ ಬೆಂಕಿ ಬೀಳ! ಅಕ್ಕ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳೊಬ್ಬಳೇ, "ಯೂ ನೆವರ್ ಟೋಲ್ಡ್ ಮಿ, ಅಪ್ಪ," ಎಂದಳು.

ಬೀಚು ತಲುಪಿದ್ದೇ ತಡ, ಆ ಹುಡುಗಿ ಇಳಿದು ಕ್ಯಾಪ್ಟನ್ ಬಳಿ ಓಡಿದಳು. ಅವನು ಮಂಡಿಯೂರಿ ಕೂತು ಅವಳ ಮಾತು ಕೇಳಿದ. ಎದ್ದು ಕೋಟೆಯ ಕಡೆ ಹೋದ.

ಕಾಳಗ ಶುರುವಾಯಿತು. ತೋಪು ಗುಡುಗಿತು, ಜನ ಉರುಳಿದರು. ಭಾವ ಕೊಟ್ಟ ಮಾತಿಗೆ ಕಟ್ಟುಬಿದ್ದು, ನೀರಿನ ಡಬ್ಬಿಯನ್ನು ಕೈಯಲ್ಲಿ ಬಿಗಿಹಿಡಿದು, ಬಿದ್ದವರನ್ನು ನೋಡಲಾರದೆ ಕಡಲು ನೋಡುತ್ತಾ ನಿಂತಿದ್ದರು. ಅಷ್ಟರಲ್ಲಿ ಕೋಟೆಯ ಬಾಗಿಲಲ್ಲಿ ಕ್ಯಾಪ್ಟನ್ ಎದೆ ಹಿಡಿದುಕೊಂಡ. ಕ್ಯಾಪ್ಟನ್ ಎಂದೂ ಸಾಯುವುದಿಲ್ಲ, ಅವನು ಚೀಟಿಯನ್ನೇ ಎತ್ತುವುದಿಲ್ಲ! ತತ್ತರಿಸುತ್ತಾ ಇಪ್ಪತ್ತು ಹೆಜ್ಜೆ ನಡೆದುಬಂದು, ಸರಿಯಾಗಿ ಭಾವನ ಕಾಲ ಬುಡದಲ್ಲೇ ಬಿದ್ದ. ಕಣ್ಣು ಮುಚ್ಚಿಕೊಂಡ. ಬಾಯಿ ತೆರೆದ.

ಭಾವ ಕುಸಿದು ಕೂತು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತೊಟ್ಟು ತೊಟ್ಟಾಗಿ ನೀರು ಬಿಟ್ಟರು. ಅವನು ಕೆಮ್ಮಲಿಲ್ಲ, ನುಂಗಿದ. ಭಾವನ ಹೆಗಲು ನಡುಗುತ್ತಿದ್ದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.

ಅವತ್ತು ಕೋಟೆ ಯಾರ ಪಾಲಾಯಿತೋ, ನಾವು ಯಾರೂ ನೋಡಲಿಲ್ಲ.