ಚರಂಡಿಯಲ್ಲಿ ನೆಟ್ಟ ಹೊಂಗೆ ಕೊಂಬೆ

ನನಗೆ ಲೋಕೋಪಕಾರದ ಚಟವಿದೆ. ಸಿಗರೇಟಿನ ಚಟವಾಗಿದ್ದರೆ ಹೆಂಡತಿ ಬಿಡಿಸುತ್ತಿದ್ದಳು. ಇದನ್ನು ಬಿಡಿಸಲು ಅವಳಿಂದಲೂ ಆಗಿಲ್ಲ. ದಾರಿಯಲ್ಲಿ ಕಲ್ಲು ಕಂಡರೆ ಬದಿಗೆ ಸರಿಸುತ್ತೇನೆ, ಬೈಕಿನಲ್ಲಿ ಹೋಗುವವರಿಗೆ "ಸ್ಟ್ಯಾಂಡ್ ತೆಗೀರಿ" ಎಂದು ಕೂಗಿ ಹೇಳುತ್ತೇನೆ. ಹಾಗಾಗಿ ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ, ಫುಟ್‌ಪಾತಿನ ಕೆಳಗಿನ ಚರಂಡಿಗೆ ಮುಚ್ಚಿದ್ದ ಚಪ್ಪಡಿಯೊಂದು ಮುರಿದು ಬಿದ್ದಾಗ, ಈ ಊರಿನಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮನೆ ಮುಂದಿನ ಹೊಂಗೆ ಮರದಿಂದ ಒಂದು ಕೊಂಬೆ ಮುರಿದು ತಂದು ಗುಂಡಿಯಲ್ಲಿ ನೆಟ್ಟೆ. ತುದಿಗೆ ಕೆಂಪು ಬಟ್ಟೆ ಕಟ್ಟಿದೆ. ಎದುರು ಮನೆಯ ಗ್ಯಾರೇಜಿನಲ್ಲಿ ರವಿಕೆ ಹೊಲಿಯುವ ಗಂಗಮ್ಮನೇ ಆ ತುಂಡು ಬಟ್ಟೆ ಕೊಟ್ಟಿದ್ದರು. ಎಲೆ ಬಾಡಿದಾಗಲೆಲ್ಲ ಹೊಸ ಕೊಂಬೆ ನೆಡುತ್ತಿದ್ದೆ. ವಾಕಿಂಗ್ ಗೆಳೆಯರು ಹೊಗಳಿದರು. ಸುಮಾರು ಒಂದು ತಿಂಗಳು ನಾನು ಆ ಗುಂಡಿಯ ಯಜಮಾನನ ಗತ್ತಿನಲ್ಲೇ ಓಡಾಡಿದೆ.

ಗಂಗಮ್ಮ ಬಿದ್ದದ್ದು ಆ ಗುಂಡಿಗಲ್ಲ. ಒಂದು ಬೆಳಿಗ್ಗೆ ಹಾಲಿಗೆ ಹೊರಟವರು ನನ್ನ ಕೊಂಬೆ ನೋಡಿ, ಎಚ್ಚರಿಕೆಯಿಂದ ಪಕ್ಕದ ಚಪ್ಪಡಿಯ ಮೇಲೆ ಕಾಲಿಟ್ಟರು. ಅದು ಕುಸಿಯಿತು. ಬಲಗೈ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಆದರೆ ಬೆರಳುಗಳು ಮೊದಲಿನಂತೆ ಸೂಜಿ ಹಿಡಿಯಲಿಲ್ಲ. ಅವರ ಹೊಟ್ಟೆ ತುಂಬುತ್ತಿದ್ದದ್ದು ಆ ಬೆರಳುಗಳಿಂದಲೇ.

ಕಾನೂನು ಓದುತ್ತಿರುವ ನನ್ನ ಮಗಳು ಸಿಂಧು ಅವರಿಗೆ ಪರಿಹಾರದ ಅರ್ಜಿ ಬರೆದುಕೊಟ್ಟಳು. ಸರ್ಕಾರದ ನಿರ್ಲಕ್ಷ್ಯದಿಂದ ಪೆಟ್ಟಾದರೆ ಸರ್ಕಾರವೇ ಹೊಣೆಯೆಂದು ವಿವರಿಸಿದಳು. "ಒಂದು ದೇಶ ಇನ್ನೊಂದು ದೇಶಕ್ಕೆ ಅನ್ಯಾಯ ಮಾಡಿದ್ರೂ ಹೀಗೇ ಆಂಟಿ. ಮೊದಲಿದ್ದ ಹಾಗೆ ಸರಿಮಾಡಿಕೊಡ್ಬೇಕು. ಆಗದಿದ್ರೆ ದುಡ್ಡು ಕೊಡ್ಬೇಕು. ಅದರಿಂದಲೂ ತೀರದಿದ್ರೆ, ತಪ್ಪಾಯ್ತು ಅಂತ ಒಪ್ಕೋಬೇಕು."

ಗಂಗಮ್ಮ ಕೈ ನೋಡಿಕೊಂಡರು. "ಹಾಗಾದ್ರೆ ನಾನೂ ಒಂದು ದೇಶ ಆಗಿದ್ರೆ ಚೆನ್ನಾಗಿತ್ತು ಕಣಮ್ಮ. ದುಡ್ಡು ಬರುತ್ತೋ ಬಿಡುತ್ತೋ, ತಪ್ಪಾಯ್ತು ಅಂತ ಯಾರಾದ್ರೂ ಒಬ್ರು ಅಂದ್ರೆ ಸಾಕು." ನಾನು ನಕ್ಕೆ. ಅವರು ನಗಲಿಲ್ಲ.

ಪಾಲಿಕೆ ಕಚೇರಿಯ ಉತ್ತರ ಬಂತು. 'ಸದರಿ ಸ್ಥಳದಲ್ಲಿ ಕೆಂಪು ಬಟ್ಟೆಸಹಿತ ಎಚ್ಚರಿಕೆ ಚಿಹ್ನೆಯನ್ನು ಅಳವಡಿಸಿ, ಕಾಲಕಾಲಕ್ಕೆ ನಿರ್ವಹಿಸಲಾಗಿರುವುದರಿಂದ ಕಚೇರಿಯ ಕಡೆಯಿಂದ ಯಾವುದೇ ಲೋಪ ಕಂಡುಬಂದಿರುವುದಿಲ್ಲ. ಅರ್ಜಿದಾರರು ಇನ್ನು ಮುಂದೆ ನೋಡಿಕೊಂಡು ನಡೆಯತಕ್ಕದ್ದು.' ಜೊತೆಗೆ ನನ್ನ ಕೊಂಬೆಯ ಫೋಟೋ. ನನ್ನ ಜೀವಮಾನದಲ್ಲಿ ಸರ್ಕಾರ ನನ್ನ ಕೆಲಸ ಮೆಚ್ಚಿದ್ದು ಅದೊಂದೇ ಸಲ.

"ಅಪ್ಪಾ, ಅದನ್ನ ನೆಟ್ಟಿದ್ದು ನೀನು ಅಂತ ಬರೆದು ಕೊಡು" ಎಂದಳು ಸಿಂಧು. ನಾಳೆ ಕೊಡುತ್ತೇನೆಂದೆ. ಮರದ ಕೊಂಬೆ ಮುರಿದದ್ದಕ್ಕೆ, ಫುಟ್‌ಪಾತಿಗೆ ಅಡ್ಡಿ ಮಾಡಿದ್ದಕ್ಕೆ ನನ್ನ ಮೇಲೇ ಕೇಸು ಹಾಕಿದರೆ ಎಂಬ ಭಯ. ಹಲವು ನಾಳೆಗಳು ಕಳೆದವು. ಒಂದು ದಿನ ಗ್ಯಾರೇಜಿನ ಬಾಗಿಲಲ್ಲಿ ಗಂಗಮ್ಮ ಎಡಗೈಯಲ್ಲಿ ಸೂಜಿಗೆ ದಾರ ಪೋಣಿಸಲು ಹೋಗಿ, ಮತ್ತೆ ಮತ್ತೆ ಗುರಿ ತಪ್ಪುವುದನ್ನು ನೋಡಿದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ನೆಟ್ಟಗೆ ಕಚೇರಿಗೆ ಹೋಗಿ ಹೇಳಿಕೆ ಬರೆದುಕೊಟ್ಟೆ.

ಅಲ್ಲಿನ ಎಂಜಿನಿಯರ್ ಅದನ್ನು ಎರಡು ಸಲ ಓದಿದರು. ನಾನು ಹೆದರಿದಂತೆ ಗದರಲಿಲ್ಲ. "ತಿಂಗಳಿಡೀ ಕೊಂಬೆ ಬದಲಾಯಿಸಿದೀರಲ್ಲಾ ಸಾರ್, ನಮಗೆ ಒಂದು ಫೋನ್ ಮಾಡ್ಬಹುದಿತ್ತಲ್ವಾ?" ಎಂದರು. ಕೊಂಬೆ ನೆಟ್ಟ ಕೂಡಲೇ ನನ್ನ ಕೆಲಸ ಮುಗಿಯಿತೆಂದುಕೊಂಡಿದ್ದೆ. ಗುಂಡಿ ಮುಚ್ಚಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

ಅಲ್ಲಿಂದ ಸೀದಾ ಗಂಗಮ್ಮನಲ್ಲಿಗೆ ಹೊರಟೆ. ಹೇಳಬೇಕಾದ್ದು ಅವರು ಕೇಳಿದ್ದ ಆ ಒಂದೇ ಪದ. ದಾರಿಯುದ್ದಕ್ಕೂ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅವರು ಡಾಕ್ಟರ್ ಹೇಳಿದ್ದ ರಬ್ಬರ್ ಚೆಂಡನ್ನು ಬಲಗೈಯಲ್ಲಿ ಅದುಮುತ್ತ ಕೂತಿದ್ದರು. ಎಡಗೈಯಲ್ಲಿ ಕುರ್ಚಿ ಎಳೆದುಕೊಟ್ಟರು.

"ಅರ್ಜಿ ಮತ್ತೆ ನೋಡ್ತಾರಂತೆ" ಎಂದೆ.

"ಒಳ್ಳೇದಾಯ್ತು ಸಾರ್. ಮತ್ತೇನಾದ್ರೂ ಅಂದ್ರಾ?"

ಅವರು ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಗಂಟಲು ಸರಿಮಾಡಿಕೊಂಡೆ. ಎದ್ದೆ. ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ ನಿಂತೆ.

"ಇನ್ಮೇಲೆ ನೋಡ್ಕೊಂಡು ನಡೀರಿ, ಗಂಗಮ್ಮ" ಎಂದೆ.